ಹಳೆಯ ಪೆಲ್ವಿಕ್ ಸೋಂಕಿಗೂ ಅಂಡಾಶಯದ ಕ್ಯಾನ್ಸರ್‌ಗೂ ನಂಟಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೀರು ಸ್ವಚ್ಛ ಮಾಡುವಾಗ ಹಳೆಯ ಫೈಲ್ ಒಂದು ಸಿಗುತ್ತದೆ. ಅದರಲ್ಲಿ ಮಾಸಿದ ಡಿಸ್ಚಾರ್ಜ್ ಕಾರ್ಡ್. ಅದರ ಮೂಲೆಯಲ್ಲಿ ‘ಪಿಐಡಿ’ ಎಂಬ ಮೂರು ಅಕ್ಷರ. ಆಗ ಅದೇನು ಅಂತ ಕೇಳಿರಲಿಲ್ಲ. ಹೊಟ್ಟೆನೋವು ಹೋಯಿತಲ್ಲ, ಅಷ್ಟೇ ಸಾಕಾಗಿತ್ತು. ಈಗ ಫೋನಿನಲ್ಲಿ ಹುಡುಕಿದರೆ ಮೂರನೇ ಸಾಲಿಗೇ ‘ಕ್ಯಾನ್ಸರ್’ ಎಂಬ ಪದ ಕಾಣುತ್ತದೆ. ಎದೆ ಧಸಕ್ ಅನ್ನುತ್ತದೆ. ರಾತ್ರಿಯೆಲ್ಲಾ ನಿದ್ದೆ ಬರುವುದಿಲ್ಲ.

ಹಾಗೆ ನಿದ್ದೆಗೆಟ್ಟವರಿಗಾಗಿ ಈ ಪುಟ. ಪಿಐಡಿ ಅಂದರೆ ಪೆಲ್ವಿಕ್ ಭಾಗದ, ಅಂದರೆ ಕಿಬ್ಬೊಟ್ಟೆಯ ಒಳಗಿನ, ಸೋಂಕು.

ನೇರವಾಗಿ ಹೇಳಿ. ಹಿಂದೆ ಪಿಐಡಿ ಆಗಿದ್ದರೆ ಅಂಡಾಶಯದ ಕ್ಯಾನ್ಸರ್ ಬರುತ್ತದಾ?

ಪಿಐಡಿ ಆದವರಲ್ಲಿ ಬಹುಪಾಲು ಹೆಂಗಸರಿಗೆ ಈ ಕ್ಯಾನ್ಸರ್ ಯಾವತ್ತೂ ಬರುವುದಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಹಾಗಂತ ನಂಟೇ ಇಲ್ಲ ಅಂತಲ್ಲ. ಪಿಐಡಿ ಆಗಿದ್ದವರಲ್ಲಿ ಅಪಾಯ ಸ್ವಲ್ಪ ಜಾಸ್ತಿ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವು ಅಧ್ಯಯನಗಳಲ್ಲಿ ಕಂಡಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಸ್ ಕಾರಣ ಎಂದು ಖಚಿತವಾಗಿ ಹೇಳುತ್ತಾರಲ್ಲ, ಅಷ್ಟು ಗಟ್ಟಿಯಾದ ಮಾತನ್ನು ಪಿಐಡಿ ಬಗ್ಗೆ ಹೇಳಲು ಆಗುವುದಿಲ್ಲ.

ಪಿಐಡಿ ಅಂದರೆ ಏನು?

ಕಿಬ್ಬೊಟ್ಟೆಯ ಒಳಗಿನ ಹೆಣ್ಣಿನ ಅಂಗಗಳಿಗೆ ತಗಲುವ ಸೋಂಕು. ಗರ್ಭಕೋಶ, ಅದರ ಎರಡು ಪಕ್ಕದ ಟ್ಯೂಬ್, ಅಂಡಾಶಯ, ಇವುಗಳಲ್ಲಿ ಯಾವುದಕ್ಕಾದರೂ ಆಗಬಹುದು. ಬ್ಯಾಕ್ಟೀರಿಯಾಗಳು ಯೋನಿಯಿಂದ ಗರ್ಭಕೋಶದ ಬಾಯಿ ದಾಟಿ ಮೇಲೆ ಹತ್ತುತ್ತವೆ. ಸಂಭೋಗದಿಂದ ಹರಡುವ ಕ್ಲಮೀಡಿಯಾ ಮತ್ತು ಗೊನೋರಿಯಾ ಎಲ್ಲರಿಗೂ ಗೊತ್ತಿರುವ ಎರಡು ಕಾರಣ. ಆದರೆ ಅವೆರಡೇ ಅಲ್ಲ. ಮೈಕೋಪ್ಲಾಸ್ಮಾ ಎಂಬ ಜೀವಿಯಿಂದಲೂ ಬರುತ್ತದೆ. ಯೋನಿಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗಲೂ ಬರುತ್ತದೆ. ಹೆರಿಗೆ, ಗರ್ಭಪಾತ ಅಥವಾ ಗರ್ಭಕೋಶದೊಳಗೆ ಉಪಕರಣ ಹಾಕಿ ಮಾಡುವ ಚಿಕಿತ್ಸೆ ಆದ ಮೇಲೂ ಸೋಂಕು ಮೇಲೇರಬಹುದು.

ನನಗೆ ಯಾವತ್ತಾದರೂ ಆಗಿತ್ತಾ ಅಂತ ತಿಳಿಯುವುದು ಹೇಗೆ?

ಕಿಬ್ಬೊಟ್ಟೆ ನೋವು, ಜ್ವರ, ವಾಸನೆಯ ಬಿಳಿಸೆರಗು, ಸಂಭೋಗದ ವೇಳೆ ಒಳಗೆ ನೋವು, ಮುಟ್ಟಿನ ನಡುವೆ ರಕ್ತ. ಹೀಗಾಗಿ ಡಾಕ್ಟರ್ ಒಳಗಿನ ಪರೀಕ್ಷೆ ಮಾಡಿ, ಎರಡು ವಾರ ಆಂಟಿಬಯೋಟಿಕ್ ಕೊಟ್ಟಿದ್ದರೆ ಅದು ಪಿಐಡಿ ಆಗಿದ್ದಿರಬಹುದು.

ತೊಡಕು ಏನೆಂದರೆ, ಇದು ಎಷ್ಟೋ ಸಲ ಸದ್ದಿಲ್ಲದೆ ಬಂದು ಹೋಗುತ್ತದೆ. ಅದರಲ್ಲೂ ಕ್ಲಮೀಡಿಯಾ. ನೋವೂ ಇಲ್ಲ, ಜ್ವರವೂ ಇಲ್ಲ. ವರ್ಷಗಳ ನಂತರ ಮಕ್ಕಳಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ಟ್ಯೂಬ್ ಮುಚ್ಚಿರುವುದು ಕಾಣುತ್ತದೆ. ಆಗಲೇ ಹಳೆಯ ಸೋಂಕಿನ ಸುಳಿವು ಸಿಗುವುದು.

ಸೋಂಕು ವಾಸಿಯಾಯಿತಲ್ಲ? ಮತ್ತೆ ಕ್ಯಾನ್ಸರ್‌ಗೆ ದಾರಿ ಎಲ್ಲಿಂದ?

ಇದಕ್ಕೆ ಉತ್ತರ ಬೇಕಾದರೆ ಟ್ಯೂಬ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಅದರ ಉದ್ದ ಸುಮಾರು 10ರಿಂದ 12 ಸೆಂಟಿಮೀಟರ್. ಒಂದು ತುದಿ ಗರ್ಭಕೋಶಕ್ಕೆ ಸೇರಿರುತ್ತದೆ. ಇನ್ನೊಂದು ತುದಿ ಹೊಟ್ಟೆಯೊಳಗೆ ತೆರೆದುಕೊಂಡು ಅಂಡಾಶಯದ ಮೇಲೆ ಬಾಗಿರುತ್ತದೆ. ಆ ತುದಿಯಲ್ಲಿ ಸೆರಗಿನ ಕುಚ್ಚಿನ ಹಾಗೆ ಮೆತ್ತನೆಯ ಎಳೆಗಳಿವೆ. ಪ್ರತಿ ತಿಂಗಳು ಅಂಡಾಣು ಹೊರಬಂದಾಗ ಅದನ್ನು ಬಾಚಿಕೊಳ್ಳುವುದು ಈ ಕುಚ್ಚು. ಟ್ಯೂಬಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಗಾಳಿಗೆ ತೂಗುವ ಪೈರಿನ ಹಾಗೆ ಒಂದೇ ದಿಕ್ಕಿಗೆ ಬಾಗಿ ಅಂಡಾಣುವನ್ನು ಗರ್ಭಕೋಶದ ಕಡೆ ಸಾಗಿಸುತ್ತವೆ.

ಸೋಂಕು ಈ ಜಾಗಕ್ಕೆ ಬಂತು ಅಂದುಕೊಳ್ಳಿ. ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಊತ ಬರುತ್ತದೆ, ಕೀವು ತುಂಬುತ್ತದೆ. ರೋಗಾಣುವನ್ನು ಕೊಲ್ಲಲು ದೇಹ ಬಿಡುವ ರಾಸಾಯನಿಕಗಳು ನಮ್ಮದೇ ಜೀವಕೋಶದ ಡಿಎನ್‌ಎಗೂ ಪೆಟ್ಟು ಕೊಡಬಲ್ಲವು. ಆಮೇಲೆ ದುರಸ್ತಿ ಶುರುವಾಗುತ್ತದೆ. ಹಳೆಯ ಜೀವಕೋಶ ಸತ್ತು ಹೊಸದು ಹುಟ್ಟುತ್ತದೆ. ಹುಟ್ಟುವ ಅವಸರದಲ್ಲಿ ತಪ್ಪು ನುಸುಳುವ ಸಾಧ್ಯತೆ ಇರುತ್ತದೆ. ಒಂದು ಸಲಕ್ಕೆ ದೇಹ ಸಂಭಾಳಿಸಿಕೊಳ್ಳುತ್ತದೆ. ಸೋಂಕು ಮತ್ತೆ ಮತ್ತೆ ಬಂದರೆ, ಅಥವಾ ತಿಂಗಳುಗಟ್ಟಲೆ ಒಳಗೇ ಹೊಗೆಯಾಡುತ್ತಿದ್ದರೆ ತಪ್ಪುಗಳು ಕೂಡುತ್ತಾ ಹೋಗಬಹುದು. ಹೊಟ್ಟೆಯ ಕ್ಯಾನ್ಸರ್‌ಗೆ ಎಚ್. ಪೈಲೋರಿ ಬ್ಯಾಕ್ಟೀರಿಯಾ, ಲಿವರ್ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ವೈರಸ್ ಕಾರಣ ಆಗುವುದರಲ್ಲೂ ಈ ದೀರ್ಘಕಾಲದ ಉರಿಯೂತದ ಪಾತ್ರವಿದೆ.

ಹಾಗಾದರೆ ಟ್ಯೂಬಿಗೆ ಆದ ಪೆಟ್ಟಿಗೂ ಅಂಡಾಶಯದ ಕ್ಯಾನ್ಸರ್‌ಗೂ ಏನು ಸಂಬಂಧ ಅಂತೀರಾ? ಅಲ್ಲೇ ಇರುವುದು ವಿಷಯ. ‘ಅಂಡಾಶಯದ ಕ್ಯಾನ್ಸರ್’ ಅಂತ ಹೆಸರಿದ್ದರೂ, ಅದರಲ್ಲಿ ಹೆಚ್ಚು ಕಾಣುವ ಮತ್ತು ಹೆಚ್ಚು ಜೀವ ತೆಗೆಯುವ ಹೈ-ಗ್ರೇಡ್ ಸೀರಸ್ ಎಂಬ ಬಗೆ ಬಹಳಷ್ಟು ಸಲ ಹುಟ್ಟುವುದು ಅಂಡಾಶಯದಲ್ಲಿ ಅಲ್ಲ, ಟ್ಯೂಬಿನ ಆ ಕುಚ್ಚಿನಲ್ಲಿ. 2001ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಇದರ ಮೊದಲ ಸುಳಿವು ಕೊಟ್ಟರು. ವಂಶದಲ್ಲಿ ಅಪಾಯ ಇದ್ದ ಹೆಂಗಸರಿಂದ ಮುನ್ನೆಚ್ಚರಿಕೆಗಾಗಿ ತೆಗೆದ ಟ್ಯೂಬುಗಳಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಅವರಿಗೆ ಕಂಡಿತು. ಆಮೇಲೆ ಕುಚ್ಚನ್ನು ತೆಳ್ಳಗೆ ಕತ್ತರಿಸಿ ಪೂರ್ತಿಯಾಗಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪದ್ಧತಿ ಬಂತು. ಹಾಗೆ ನೋಡಿದಾಗ, ಮೊದಲು ಕಣ್ತಪ್ಪಿ ಹೋಗುತ್ತಿದ್ದ ಕ್ಯಾನ್ಸರ್‌ನ ಪುಟ್ಟ ಪುಟ್ಟ ಮೊಳಕೆಗಳು ಕಾಣತೊಡಗಿದವು. 2017ರಲ್ಲಿ ಬಂದ ಒಂದು ಡಿಎನ್‌ಎ ಅಧ್ಯಯನದ ಅಂದಾಜಿನಂತೆ, ಆ ಪುಟ್ಟ ಮೊಳಕೆ ಅಂಡಾಶಯದ ಕ್ಯಾನ್ಸರ್ ಆಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆ.

ಪಿಐಡಿ ಪೆಟ್ಟು ಕೊಡುವುದೂ ಟ್ಯೂಬಿಗೆ, ಕ್ಯಾನ್ಸರ್ ಮೊಳೆಯುವುದೂ ಟ್ಯೂಬಿನಲ್ಲಿ. ಅದಕ್ಕೇ ಸಂಶೋಧಕರಿಗೆ ಇದರ ಮೇಲೆ ಕಣ್ಣು.

ಈ ಯೋಚನೆ ಹೊಸದಾ?

ಅಲ್ಲ. 1971ರಲ್ಲಿ ಈಜಿಪ್ಟಿನ ವೈದ್ಯ ಮಹಮೂದ್ ಫತಲ್ಲಾ ಒಂದು ಮಾತು ಮುಂದಿಟ್ಟರು. ತಿಂಗಳು ತಿಂಗಳು ಅಂಡಾಣು ಒಡೆದು ಹೊರಬರುವಾಗ ಅಂಡಾಶಯಕ್ಕೆ ಆಗುವ ಗಾಯ, ಅದರ ದುರಸ್ತಿ, ಇದೇ ಕ್ಯಾನ್ಸರ್‌ಗೆ ದಾರಿ ಅಂತ. 1999ರಲ್ಲಿ ಅಮೆರಿಕದ ರೋಬರ್ಟಾ ನೆಸ್ ಮತ್ತು ಅವರ ಸಹೋದ್ಯೋಗಿ ಇದಕ್ಕೆ ಉರಿಯೂತವನ್ನು ಸೇರಿಸಿದರು. ಅಂಡಾಣು ಬಿಡುಗಡೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ), ಪಿಐಡಿ, ಟಾಲ್ಕ್ ಪೌಡರ್, ಎಲ್ಲದರಲ್ಲೂ ಉರಿಯೂತ ಎಂಬ ಒಂದೇ ಎಳೆ ಇದೆ ಅಲ್ವಾ ಎಂಬುದು ಅವರ ವಾದ.

ಅಧ್ಯಯನಗಳು ಏನು ಹೇಳುತ್ತವೆ?

2011ರಲ್ಲಿ ತೈವಾನಿನಿಂದ ಬಂದ ಅಧ್ಯಯನ ಎಲ್ಲರ ಗಮನ ಸೆಳೆಯಿತು. ಪಿಐಡಿ ಆದ ಸುಮಾರು 68,000 ಹೆಂಗಸರನ್ನೂ, ಆಗದಿದ್ದ ಅದರ ಎರಡರಷ್ಟು ಹೆಂಗಸರನ್ನೂ ಹೋಲಿಸಿದರು. ಪಿಐಡಿ ಆದವರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು 1.9 ಪಟ್ಟು ಕಂಡಿತು. ಐದು ಅಥವಾ ಹೆಚ್ಚು ಸಲ ಸೋಂಕಾದವರಲ್ಲಿ ಅದಕ್ಕಿಂತ ಜಾಸ್ತಿ. ಇವತ್ತಿಗೂ ಅಂತರ್ಜಾಲದಲ್ಲಿ ‘ಪಿಐಡಿ ಇದ್ದರೆ ಕ್ಯಾನ್ಸರ್ ಎರಡು ಪಟ್ಟು’ ಎಂಬ ಮಾತು ಹರಿದಾಡುತ್ತಿರುವುದು ಮುಖ್ಯವಾಗಿ ಇದರಿಂದಲೇ.

ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆ ಹಿಡಿದು 13 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದರು. ಅಲ್ಲಿ ಎಲ್ಲಾ ಬಗೆ ಸೇರಿಸಿ ನೋಡಿದರೆ ಹೆಚ್ಚಳ ಇಲ್ಲವೆನ್ನುವಷ್ಟು ಕಡಿಮೆ. ಸೀರಸ್ ಬಗೆಯಲ್ಲಿ ಮಾತ್ರ ಸುಮಾರು 1.2 ಪಟ್ಟು. 2017ರಲ್ಲಿ ಬೇರೆ ಬೇರೆ ದೇಶಗಳ 13 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಒಟ್ಟಾರೆ ಕ್ಯಾನ್ಸರ್‌ಗೆ ನಂಟು ಸಿಗಲಿಲ್ಲ. ಪೂರ್ತಿ ಕ್ಯಾನ್ಸರ್ ಅಲ್ಲದ ‘ಬಾರ್ಡರ್‌ಲೈನ್’ ಗಡ್ಡೆಗಳಿಗೆ ಸಿಕ್ಕಿತು. ಎರಡು ಅಥವಾ ಹೆಚ್ಚು ಸಲ ಪಿಐಡಿ ಆದವರಲ್ಲಿ ಅಂಥ ಗಡ್ಡೆ ಸುಮಾರು ಎರಡು ಪಟ್ಟು ಇತ್ತು. ಇತ್ತೀಚೆಗೆ ಸ್ವೀಡನ್ನಿನಲ್ಲಿ ಅಂಡಾಶಯದ ಕ್ಯಾನ್ಸರ್ ಬಂದ ಸುಮಾರು 15,000 ಹೆಂಗಸರ ದಾಖಲೆ ನೋಡಿದಾಗ ಹೆಚ್ಚಳ ಸುಮಾರು 1.4 ಪಟ್ಟು ಬಂತು.

1.9, 1.2, 1.4. ಅಂಕಿಗಳು ಹೊಂದುವುದಿಲ್ಲ, ನಿಜ. ಆದರೆ ಹೆಚ್ಚಿನವು ಒಂದೇ ದಿಕ್ಕಿಗೆ ಬೆರಳು ತೋರುತ್ತಿವೆ: ಇದ್ದರೆ ಸಣ್ಣ ಹೆಚ್ಚಳ. ನನ್ನ ಮಟ್ಟಿಗೆ ಇದೇ ನಂಬಬಹುದಾದ ಉತ್ತರ.

ಯಾಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ?

ಮೊದಲನೆಯದಾಗಿ, ಅಂಡಾಶಯದ ಗಡ್ಡೆಯೇ ಪಿಐಡಿಯ ವೇಷ ಹಾಕಬಲ್ಲದು. ಕಿಬ್ಬೊಟ್ಟೆ ನೋವು ಅಂತ ಹೋದಾಗ ಸೋಂಕು ಎಂದು ಬರೆದು, ಕೆಲವು ತಿಂಗಳ ನಂತರ ಗಡ್ಡೆ ಗೊತ್ತಾದರೆ, ದಾಖಲೆಯಲ್ಲಿ ಅದು ‘ಪಿಐಡಿ ಆದ ಮೇಲೆ ಕ್ಯಾನ್ಸರ್’ ಆಗಿಬಿಡುತ್ತದೆ. ನಿಜದಲ್ಲಿ ಗಡ್ಡೆ ಮೊದಲೇ ಇತ್ತು. ತೈವಾನಿನ ಅಧ್ಯಯನ ಹೆಂಗಸರನ್ನು ಗಮನಿಸಿದ್ದು ಮೂರು ವರ್ಷದ ಅವಧಿಯಲ್ಲಿ. ಕ್ಯಾನ್ಸರ್ ನಿಧಾನವಾಗಿ ಬೆಳೆಯುವಾಗ ಇಷ್ಟು ಕಡಿಮೆ ಅವಧಿಯಲ್ಲಿ ಇಂಥ ಗೊಂದಲ ಜಾಸ್ತಿ.

ಇನ್ನೊಂದು ಕಡೆ, ಪಿಐಡಿಯಿಂದ ಟ್ಯೂಬ್ ಮುಚ್ಚಿ ಕೆಲವರಿಗೆ ಮಕ್ಕಳಾಗುವುದಿಲ್ಲ. ಬಸಿರು, ಹಾಲೂಡಿಸುವುದು ಅಂಡಾಶಯದ ಕ್ಯಾನ್ಸರ್ ಅಪಾಯವನ್ನು ತಗ್ಗಿಸುತ್ತವೆ. ಆ ರಕ್ಷಣೆ ತಪ್ಪಿದ್ದರಿಂದ ಅಪಾಯ ಹೆಚ್ಚಿತೋ, ಸೋಂಕಿನಿಂದಲೇ ಹೆಚ್ಚಿತೋ ಬಿಡಿಸಿ ನೋಡುವುದು ಕಷ್ಟ.

ಮತ್ತೆ, ನೆನಪಿನ ಮಾತು. ಕ್ಯಾನ್ಸರ್ ಬಂದವರು ಹಳೆಯದನ್ನೆಲ್ಲ ಕೆದಕಿ ನೆನಪಿಸಿಕೊಳ್ಳುತ್ತಾರೆ. ಆರೋಗ್ಯವಾಗಿದ್ದವರು ಮರೆತಿರುತ್ತಾರೆ. ಸದ್ದಿಲ್ಲದೆ ಬಂದು ಹೋದ ಪಿಐಡಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

‘1.4 ಪಟ್ಟು’ ಅಂದರೆ ನನ್ನ ಲೆಕ್ಕದಲ್ಲಿ ಎಷ್ಟು?

ಪಟ್ಟಿನ ಮಾತು ಕೇಳಿದರೆ ಹೆದರಿಕೆ ಆಗುತ್ತದೆ. ತಲೆ ಎಣಿಸಿ ನೋಡೋಣ.

ಅಮೆರಿಕದ ಅಂಕಿಗಳಂತೆ, 1000 ಹೆಂಗಸರಲ್ಲಿ ಇಡೀ ಜೀವಮಾನದಲ್ಲಿ ಸುಮಾರು 11 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. 1.4 ಪಟ್ಟು ಎಂದರೆ ಆ 11 ಸುಮಾರು 15 ಆಗುತ್ತದೆ. ಉಳಿದ 985 ಮಂದಿಗೆ ಬರುವುದಿಲ್ಲ. ಅತಿ ದೊಡ್ಡದಾದ ತೈವಾನಿನ ಅಂಕಿಯನ್ನೇ ಇಟ್ಟುಕೊಂಡರೂ 1000ಕ್ಕೆ 21. ಆಗಲೂ 979 ಮಂದಿಗೆ ಬರುವುದಿಲ್ಲ.

ಅದೇ ಬಿಆರ್‌ಸಿಎ1 ಜೀನಿನಲ್ಲಿ ದೋಷ ಇರುವ ಹೆಂಗಸರಲ್ಲಿ 1000ಕ್ಕೆ ಸುಮಾರು 400 ಅಥವಾ ಅದಕ್ಕೂ ಹೆಚ್ಚು. ನಿಜವಾಗಿ ದೊಡ್ಡ ಅಪಾಯ ಅಂದರೆ ಹೀಗಿರುತ್ತದೆ. ಪಿಐಡಿಯದು ಈ ಸಾಲಿಗೆ ಸೇರುವುದಲ್ಲ.

ಬಾರ್ಡರ್‌ಲೈನ್ ಗಡ್ಡೆ ಅಂದರೆ ಕ್ಯಾನ್ಸರ್ರಾ?

ಪೂರ್ತಿ ಕ್ಯಾನ್ಸರ್ ಅಲ್ಲ, ಪೂರ್ತಿ ಸಾಧುವೂ ಅಲ್ಲ. ಜೀವಕೋಶಗಳು ಅಸಹಜವಾಗಿ ಬೆಳೆಯುತ್ತವೆ, ಆದರೆ ಅಕ್ಕಪಕ್ಕದ ಮಾಂಸಕ್ಕೆ ಕೊರೆದುಕೊಂಡು ಹೋಗುವುದಿಲ್ಲ. ಕಡಿಮೆ ವಯಸ್ಸಿನವರಲ್ಲೂ ಕಾಣುತ್ತದೆ. ಆಪರೇಷನ್ ಮಾಡಿ ತೆಗೆದರೆ ಬಹುತೇಕರು ಚೆನ್ನಾಗಿರುತ್ತಾರೆ.

ಕ್ಲಮೀಡಿಯಾ ಬಗ್ಗೆ ಬೇರೆಯಾಗಿ ಏನಾದರೂ ಗೊತ್ತಾಗಿದೆಯಾ?

ಹೌದು. ನೆನಪಿನ ಮೇಲೆ ಭರವಸೆ ಇಡುವ ಬದಲು ರಕ್ತದಲ್ಲಿ ಹಳೆಯ ಸೋಂಕಿನ ಗುರುತನ್ನೇ ಹುಡುಕಿದರು. ಕ್ಲಮೀಡಿಯಾ ಬಂದು ಹೋದರೂ ಅದರ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿ ವರ್ಷಗಟ್ಟಲೆ ಉಳಿಯುತ್ತದೆ. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ, ಪೋಲೆಂಡ್ ಮತ್ತು ಅಮೆರಿಕದ ಹೆಂಗಸರ ರಕ್ತ ನೋಡಿದಾಗ, ಆ ಆಂಟಿಬಾಡಿ ಇದ್ದವರಲ್ಲಿ ಅಂಡಾಶಯದ ಕ್ಯಾನ್ಸರ್ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಬೇರೆ ಸೋಂಕುಗಳ ಗುರುತಿಗೆ ಅಂಥ ನಂಟು ಕಾಣಲಿಲ್ಲ. ಇದು ಬಲವಾದ ಸುಳಿವು. ಆದರೂ ಸುಳಿವೇ. ‘ಕ್ಲಮೀಡಿಯಾದಿಂದಲೇ ಕ್ಯಾನ್ಸರ್’ ಎಂಬ ತೀರ್ಪಲ್ಲ.

ಬಿಳಿಸೆರಗು, ಉರಿಮೂತ್ರ ಆಗಾಗ ಆಗುತ್ತಿತ್ತು. ಅದೂ ಲೆಕ್ಕಕ್ಕೆ ಬರುತ್ತದಾ?

ಇಲ್ಲ. ಮೂತ್ರದ ಸೋಂಕು ಮೂತ್ರಕೋಶದ್ದು, ಟ್ಯೂಬಿಗೂ ಅದಕ್ಕೂ ಸಂಬಂಧವಿಲ್ಲ. ತುರಿಕೆ ತರುವ ಫಂಗಸ್ ಸೋಂಕು ಯೋನಿಯಲ್ಲೇ ಉಳಿಯುತ್ತದೆ. ಎಲ್ಲವನ್ನೂ ಪಿಐಡಿ ಅಂತ ತಿಳಿದು ಸುಮ್ನೆ ಹೆದರಬೇಡಿ.

ಕಾಪರ್ ಟಿ ಹಾಕಿಸಿಕೊಂಡಿದ್ದೆ. ಅದರಿಂದ ತೊಂದರೆ ಆಗಿರಬಹುದಾ?

ಕಾಪರ್ ಟಿ ಹಾಕಿದ ಮೊದಲ ಮೂರು ವಾರ ಮಾತ್ರ ಪಿಐಡಿ ಅಪಾಯ ಸ್ವಲ್ಪ ಜಾಸ್ತಿ. ಅದೂ ಆಗಲೇ ಕೆಳಗೆ ಸೋಂಕು ಇದ್ದರೆ. ಆಮೇಲೆ ಇಲ್ಲ. ಕಾಪರ್ ಟಿ ಬಳಸಿದವರಲ್ಲಿ ಅಂಡಾಶಯದ ಕ್ಯಾನ್ಸರ್ ಹೆಚ್ಚಿಲ್ಲ. ಕೆಲವು ವಿಶ್ಲೇಷಣೆಗಳಲ್ಲಿ ಕಡಿಮೆಯೇ ಕಂಡಿದೆ.

ಟ್ಯೂಬಿಗೆ ಟಿಬಿ ಆಗಿತ್ತು. ಅದೂ ಪಿಐಡಿಯೇನಾ?

ಟಿಬಿಯೂ ಟ್ಯೂಬಿಗೆ ತಗಲುತ್ತದೆ, ಆದರೆ ಅದು ಸಾಮಾನ್ಯವಾಗಿ ಶ್ವಾಸಕೋಶದಿಂದ ರಕ್ತದ ಮೂಲಕ ಬರುವುದು. ಚಿಕಿತ್ಸೆಯೂ ಬೇರೆ, ತಿಂಗಳುಗಟ್ಟಲೆಯದು. ಮೇಲೆ ಹೇಳಿದ ಅಂಕಿಗಳನ್ನು ಅದಕ್ಕೆ ಹಚ್ಚಬೇಡಿ. ಹೊಟ್ಟೆಯೊಳಗಿನ ಟಿಬಿಯಲ್ಲಿ ಹೊಟ್ಟೆಗೆ ನೀರು ತುಂಬಿ, ರಕ್ತಪರೀಕ್ಷೆಯಲ್ಲಿ ಅಳೆಯುವ ಸಿಎ-125 ಎಂಬ ಪ್ರೋಟೀನ್ ಏರಿ, ಥೇಟ್ ಅಂಡಾಶಯದ ಕ್ಯಾನ್ಸರ್ ತರಹ ಕಾಣುವುದುಂಟು. ತುಣುಕು ತೆಗೆದು ಪರೀಕ್ಷೆ ಮಾಡಿದ ಮೇಲೇ ಎಷ್ಟೋ ಸಲ ನಿಜ ಗೊತ್ತಾಗುವುದು.

ವರ್ಷಕ್ಕೊಂದು ಸಲ ಸ್ಕ್ಯಾನ್, ಸಿಎ-125 ಮಾಡಿಸಿಕೊಂಡರೆ ನೆಮ್ಮದಿ ಅಲ್ವಾ?

ಹಾಗನಿಸುವುದು ಸಹಜ. ಆದರೆ ಲಕ್ಷಣ ಇಲ್ಲದವರಿಗೆ ಇದರಿಂದ ಪ್ರಯೋಜನ ಕಂಡಿಲ್ಲ.

ಬ್ರಿಟನ್ನಿನಲ್ಲಿ 2001ರಲ್ಲಿ ಶುರು ಮಾಡಿ, ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಪ್ರತಿ ವರ್ಷ ಸಿಎ-125, ಇನ್ನೊಂದಕ್ಕೆ ಪ್ರತಿ ವರ್ಷ ಸ್ಕ್ಯಾನ್, ಮೂರನೆಯದಕ್ಕೆ ಏನೂ ಇಲ್ಲ. 2021ರಲ್ಲಿ ಅಂತಿಮ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಆಗಿರಲಿಲ್ಲ. ಅಷ್ಟು ದೊಡ್ಡ ಪ್ರಯತ್ನ, ಅಷ್ಟು ವರ್ಷದ ತಾಳ್ಮೆ, ಕೊನೆಗೆ ಈ ಉತ್ತರ. ಓದಿದಾಗ ನನಗೂ ಸಂಕಟವಾಯಿತು.

ಪಿಐಡಿ ಆದವರಿಗೆ ಇನ್ನೊಂದು ತೊಡಕಿದೆ. ಸಿಎ-125 ಕ್ಯಾನ್ಸರ್‌ಗೆ ಮಾತ್ರ ಏರುವುದಲ್ಲ. ಸೋಂಕಿಗೂ ಏರುತ್ತದೆ. ಎಂಡೋಮೆಟ್ರಿಯೋಸಿಸ್, ಫೈಬ್ರಾಯ್ಡ್, ಬಸಿರು, ಮುಟ್ಟಿನ ದಿನಗಳು, ಎಲ್ಲಕ್ಕೂ ಏರಬಹುದು. ಸಾಮಾನ್ಯ ಮಿತಿ 35. ರಿಪೋರ್ಟಿನಲ್ಲಿ 60 ಅಂತ ದಪ್ಪಕ್ಷರದಲ್ಲಿ ಬಂದರೆ ಮನೆಮಂದಿಯೆಲ್ಲ ಕಂಗಾಲು. ಆಮೇಲೆ ಸ್ಕ್ಯಾನ್, ಕೊನೆಗೆ ಬೇಡದ ಆಪರೇಷನ್ನೂ ಆಗಿಬಿಡಬಹುದು.

ಅಂದ ಹಾಗೆ, ಪ್ಯಾಪ್ ಸ್ಮಿಯರ್ ನಾರ್ಮಲ್ ಬಂತು ಅಂದರೆ ಅಂಡಾಶಯ ಸರಿಯಾಗಿದೆ ಅಂತ ಅರ್ಥವಲ್ಲ. ಅದು ಗರ್ಭಕೋಶದ ಬಾಯಿಯ ಪರೀಕ್ಷೆ. ಅದನ್ನು ಅದರ ಕಾರಣಕ್ಕೆ ತಪ್ಪದೆ ಮಾಡಿಸಿ.

ಹಾಗಾದರೆ ಯಾವುದಕ್ಕೆ ಎಚ್ಚರವಾಗಿರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಹೊಟ್ಟೆ ಉಬ್ಬರ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು. ಕಿಬ್ಬೊಟ್ಟೆ ಅಥವಾ ಹೊಟ್ಟೆ ನೋವು. ಪದೇ ಪದೇ, ಅವಸರದಲ್ಲಿ ಮೂತ್ರಕ್ಕೆ ಹೋಗಬೇಕಾಗುವುದು. ಇವೆಲ್ಲ ಯಾರಿಗಾದರೂ ಆಗುವಂಥವೇ. ವ್ಯತ್ಯಾಸ ಇರುವುದು ಎಲ್ಲಿ ಅಂದರೆ, ಇವು ಹೊಸದಾಗಿ ಶುರುವಾಗಿರುತ್ತವೆ ಮತ್ತು ಬಿಟ್ಟು ಹೋಗುವುದಿಲ್ಲ. ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಹೀಗಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ತಿಂಗಳ ಕೊನೆಗೆ ಎಣಿಸಿ. ‘ಆಗಾಗ ಆಗುತ್ತದೆ’ ಅನ್ನುವುದಕ್ಕಿಂತ ‘ಈ ತಿಂಗಳು 17 ದಿನ ಆಗಿದೆ’ ಅಂದರೆ ಡಾಕ್ಟರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಎಣಿಸುತ್ತಾ ಕೂರಬೇಡಿ, ಕೂಡಲೇ ಹೋಗಿ.

ಪಿಐಡಿ ಆಗಿದ್ದವರಿಗೆ ಇಲ್ಲೊಂದು ಬಲೆ ಇದೆ. ಹಳೆಯ ಸೋಂಕಿನಿಂದ ಒಳಗೆ ಅಂಟಿಕೊಂಡು, ವರ್ಷಗಟ್ಟಲೆ ಕಿಬ್ಬೊಟ್ಟೆ ನೋವು ಉಳಿಯುವುದುಂಟು. ಅದಕ್ಕೇ ಹೊಸ ನೋವು ಬಂದರೂ ‘ಅಯ್ಯೋ, ಇದು ನನ್ನ ಹಳೇ ನೋವೇ’ ಅಂತ ನಾವೇ ತಳ್ಳಿಹಾಕುತ್ತೇವೆ. ಕೆಲವು ಸಲ ಡಾಕ್ಟರ್ ಕೂಡ ಹಾಗೇ ಅಂದುಕೊಳ್ಳುತ್ತಾರೆ. ನಿಮ್ಮ ಹಳೆಯ ನೋವು ನಿಮಗೆ ಗೊತ್ತು. ಎಲ್ಲಿ ಬರುತ್ತದೆ, ಮುಟ್ಟಿನ ಯಾವ ದಿನ ಬರುತ್ತದೆ, ಹೇಗೆ ಹೋಗುತ್ತದೆ ಅಂತ. ಅದರ ರೀತಿ ಬದಲಾಗಿದ್ದರೆ ಅದನ್ನೇ ಹೇಳಿ: ‘ಇದು ಬೇರೆ ತರಹ ಇದೆ.’ 50 ದಾಟಿದ ಮೇಲೆ ಹೊಸದಾಗಿ ಪಿಐಡಿ ಬರುವುದು ಅಪರೂಪ. ಆ ವಯಸ್ಸಿನಲ್ಲಿ ಸೋಂಕು, ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರೆ, ಸ್ಕ್ಯಾನ್ ಬೇಕಾ ಅಂತ ಕೇಳಿ. ಇನ್ನೂ ಸರಿಹೋಗದಿದ್ದರೆ ಮತ್ತೆ ಹೋಗಿ. ಲಕ್ಷಣ ಇದ್ದವರಿಗೆ ಸಿಎ-125 ಮತ್ತು ಸ್ಕ್ಯಾನ್ ಖಂಡಿತ ಉಪಯೋಗಕ್ಕೆ ಬರುತ್ತವೆ. ಮೇಲೆ ಬೇಡ ಅಂದದ್ದು ಲಕ್ಷಣ ಇಲ್ಲದವರಿಗೆ.

ನನ್ನ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ನನಗೆ ಪಿಐಡಿಯೂ ಆಗಿದೆ.

ನಿಮ್ಮ ವಿಷಯದಲ್ಲಿ ಪಿಐಡಿಗಿಂತ ಅಮ್ಮನ ಕಾಯಿಲೆಗೆ ಹೆಚ್ಚು ಗಮನ ಕೊಡಿ. ಅಮ್ಮ, ಅಕ್ಕತಂಗಿ, ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ಯಾರಿಗಾದರೂ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಆಗಿದ್ದರೆ ಪಟ್ಟಿ ಮಾಡಿ. ಯಾವ ವಯಸ್ಸಿನಲ್ಲಿ ಬಂತು ಅಂತಲೂ ಬರೆಯಿರಿ. ಅಪ್ಪನ ಕಡೆಯವರನ್ನು ಬಿಡಬೇಡಿ, ಬಿಆರ್‌ಸಿಎ ದೋಷ ಅಪ್ಪನಿಂದಲೂ ಬರುತ್ತದೆ. ಜೀನ್ ಪರೀಕ್ಷೆ ಬೇಕಾ ಅಂತ ಕೇಳಿ. ಅಮ್ಮ ಇದ್ದರೆ ಮೊದಲು ಅವರಿಗೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅಪಾಯ ಕಡಿಮೆ ಮಾಡಿಕೊಳ್ಳಲು ಏನಾದರೂ ದಾರಿ ಇದೆಯಾ?

ಗರ್ಭನಿರೋಧಕ ಮಾತ್ರೆಯ ಬಗ್ಗೆ ಒಳ್ಳೆಯ ಪುರಾವೆ ಇದೆ. 2008ರಲ್ಲಿ 45 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಶ್ರೀಮಂತ ದೇಶಗಳ ಲೆಕ್ಕದಲ್ಲಿ ಹತ್ತು ವರ್ಷ ಮಾತ್ರೆ ತೆಗೆದುಕೊಂಡರೆ, 75 ವರ್ಷದೊಳಗೆ ಈ ಕ್ಯಾನ್ಸರ್ ಬರುವವರ ಸಂಖ್ಯೆ 1000ಕ್ಕೆ 12ರಿಂದ 8ಕ್ಕೆ ಇಳಿಯುತ್ತದೆ. ಮಾತ್ರೆ ಬಿಟ್ಟು ದಶಕಗಳಾದರೂ ಲಾಭ ಉಳಿಯುತ್ತದೆ. ಆದರೆ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಆಗುವವರು, 35 ದಾಟಿದ ಮೇಲೆ ಸಿಗರೇಟ್ ಸೇದುವವರು ತೆಗೆದುಕೊಳ್ಳಬಾರದು. ಕ್ಯಾನ್ಸರ್ ಭಯಕ್ಕೇ ಅಂತ ತಾವಾಗಿ ಶುರು ಮಾಡುವುದು ಬೇಡ.

ಮಕ್ಕಳು ಸಾಕು ಅಂತ ಆಪರೇಷನ್ ಮಾಡಿಸಿಕೊಳ್ಳುವವರು ಟ್ಯೂಬ್ ಕಟ್ಟುವ ಬದಲು ಟ್ಯೂಬನ್ನೇ ತೆಗೆಸಬಹುದಾ ಅಂತ ಕೇಳಿ ನೋಡಿ. ಅಂಡಾಶಯ ಹಾಗೇ ಇರುತ್ತದೆ, ಹಾಗಾಗಿ ಮುಟ್ಟು ತಕ್ಷಣ ನಿಲ್ಲುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಹೀಗೆ ಮಾಡುತ್ತಿದ್ದಾರೆ. ಬೇರೆ ಕಾರಣಕ್ಕೆ ಹೇಗೂ ಹೊಟ್ಟೆ ಆಪರೇಷನ್ ಆಗುವಾಗ ಇದು ಜಾಣತನ. ಬರೀ ಹಳೆಯ ಪಿಐಡಿಗೆ ಹೆದರಿ ಆಪರೇಷನ್ ಟೇಬಲ್ ಹತ್ತುವುದು ಸರಿಯಲ್ಲ.

ಉರಿಯೂತವೇ ಕಾರಣವಾದರೆ ಆಸ್ಪಿರಿನ್ ತಗೊಳ್ಳಲಾ?

ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಅಪಾಯ ಕಡಿಮೆ ಇರಬಹುದು ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಆಸ್ಪಿರಿನ್ನಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಲ್ಲದು. ಈ ಒಂದು ಕಾರಣಕ್ಕೆ ತಗೊಳ್ಳಬೇಡಿ.

ಈಗಲೇ ಸೋಂಕಿನ ಲಕ್ಷಣ ಇದ್ದರೆ?

ಇವತ್ತೇ ತೋರಿಸಿ. ಸಾಮಾನ್ಯವಾಗಿ ಒಂದು ಇಂಜೆಕ್ಷನ್, ಜೊತೆಗೆ ಎರಡು ಬಗೆಯ ಮಾತ್ರೆ, 14 ದಿನ. ಮೂರು ದಿನದಲ್ಲಿ ನೋವು ತಗ್ಗಬೇಕು. ತಗ್ಗದಿದ್ದರೆ ಮತ್ತೆ ಹೋಗಲೇಬೇಕು. ಜೋರು ಜ್ವರ, ವಾಂತಿ, ಬಸಿರು ಇರುವ ಅನುಮಾನ ಇದ್ದರೆ ಅಡ್ಮಿಟ್ ಆಗಬೇಕಾಗಬಹುದು.

ಎಲ್ಲರೂ ಎಡವುವುದು ಐದನೇ ದಿನ. ನೋವು ಹೋಗಿರುತ್ತದೆ. ಮಾತ್ರೆಯಿಂದ ವಾಕರಿಕೆ, ಬಾಯೆಲ್ಲ ಕಹಿ. ಸ್ಟ್ರಿಪ್ಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತದೆ. ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬೇಡಿ. ನೋವು ಹೋದ ಮಾತ್ರಕ್ಕೆ ಟ್ಯೂಬಿನ ಒಳಗಿನ ಸೋಂಕು ಪೂರ್ತಿ ಹೋಗಿರುವುದಿಲ್ಲ.

ಕ್ಯಾನ್ಸರ್ ಮಾತು ಬದಿಗಿಟ್ಟರೂ ಇದು ಮುಖ್ಯ. ಸ್ವೀಡನ್ನಿನ ಹಳೆಯ, ಹೆಸರಾದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಒಂದು ಸಲ ಪಿಐಡಿ ಆದವರಲ್ಲಿ 100ಕ್ಕೆ 8 ಮಂದಿಗೆ ಟ್ಯೂಬ್ ಹಾಳಾಗಿ ಮಕ್ಕಳಾಗಲಿಲ್ಲ. ಎರಡು ಸಲ ಆದವರಲ್ಲಿ ಸುಮಾರು 20. ಮೂರು ಅಥವಾ ಹೆಚ್ಚು ಸಲ ಆದವರಲ್ಲಿ 40. ಒಂದೊಂದು ಸೋಂಕಿಗೂ ಎಷ್ಟು ಬೆಲೆ ತೆರಬೇಕು ನೋಡಿ.

ಗಂಡನಿಗೂ ಚಿಕಿತ್ಸೆ ಬೇಕಾ? ಅವರಿಗೇನೂ ಆಗಿಲ್ಲವಲ್ಲ.

ಬೇಕು. ಗಂಡಸರಲ್ಲಿ ಕ್ಲಮೀಡಿಯಾ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನಿಮಗೆ ವಾಸಿಯಾಗಿ ಅವರಲ್ಲಿ ಉಳಿದರೆ ಮತ್ತೆ ನಿಮಗೇ ಬರುತ್ತದೆ. ಇಬ್ಬರ ಚಿಕಿತ್ಸೆಯೂ ಮುಗಿದು, ಲಕ್ಷಣ ಹೋಗುವವರೆಗೆ ಸಂಭೋಗ ಬೇಡ. ಕ್ಲಮೀಡಿಯಾ ಅಥವಾ ಗೊನೋರಿಯಾ ಅಂತ ಗೊತ್ತಾಗಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಇದೆಲ್ಲ ನನ್ನ ತಪ್ಪಿನಿಂದ ಆಯಿತೇನೋ ಅಂತ ಕೊರಗು.

ಆ ಕೊರಗನ್ನು ದಯವಿಟ್ಟು ಬಿಡಿ. 2020ರಲ್ಲಿ ಪ್ರಪಂಚದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಸುಮಾರು 12 ಕೋಟಿ 90 ಲಕ್ಷ ಹೊಸ ಕ್ಲಮೀಡಿಯಾ ಸೋಂಕು ಆಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಬ್ಬನೇ ಸಂಗಾತಿಯ ಜೊತೆ ಬಾಳಿದವರಿಗೂ ಬಂದಿದೆ. ಹೆರಿಗೆ ಆದ ಮೇಲೆ ಬಂದಿದೆ. ನಾಚಿಕೆಯಿಂದ ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ, ಅದರಿಂದಲೇ ಟ್ಯೂಬಿಗೆ ಹೆಚ್ಚು ಹಾನಿ.

ಡಾಕ್ಟರ ಹತ್ತಿರ ಹೋದಾಗ ಏನಂತ ಶುರು ಮಾಡಲಿ?

ಎದುರಿಗೆ ಕೂತಾಗ ಮಾತು ಮರೆತುಹೋಗುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ‘ನನಗೆ ಇಂಥ ವರ್ಷ ಪಿಐಡಿ ಆಗಿತ್ತು. ಒಟ್ಟು ಇಷ್ಟು ಸಲ. ಅಡ್ಮಿಟ್ ಆಗಿದ್ದೆ, ಅಥವಾ ಆಗಿರಲಿಲ್ಲ. ಮನೆಯಲ್ಲಿ ಇಂಥವರಿಗೆ ಕ್ಯಾನ್ಸರ್ ಇತ್ತು. ಈಗ ಈ ತೊಂದರೆ ಇಷ್ಟು ವಾರದಿಂದ ಇದೆ. ಹಳೆಯ ನೋವಿಗಿಂತ ಇದು ಹೀಗೆ ಬೇರೆ.’ ಹಳೆಯ ಫೈಲನ್ನೂ ಚೀಲಕ್ಕೆ ಹಾಕಿಕೊಳ್ಳಿ. ಆ ಮಾಸಿದ ಡಿಸ್ಚಾರ್ಜ್ ಕಾರ್ಡನ್ನು ಮೇಲೆಯೇ ಇಡಿ, ತಡಕಾಡದೆ ಕೈಗೆ ಸಿಗಲಿ.